ಬಕೀಟು

ಮೂರು ರಾತ್ರಿ ಮಾಲಿಮ್ ಜೆಟ್ಟಿಯಲ್ಲಿ
ಹನ್ನೆರಡು ಹೊಡೆಯುವುದನ್ನೇ ಕಾದು ಕೂತೆ.
ತೊಡೆಯ ಮೇಲೆ ಲ್ಯಾಪ್‌ಟಾಪ್, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ,
ಮೂಗಿಗೆ ಬಾಂಗಡೆ, ಡೀಸೆಲ್, ಒದ್ದೆ ಹಗ್ಗ.

ಐಸ್ ಫ್ಯಾಕ್ಟರಿಯ ಬಿಲ್ಲಿನಲ್ಲಿ ತಪ್ಪು.
ದೋಣಿಗೆ ನೂರಾ ಎಂಟು ದಿಮ್ಮಿ ಬಿದ್ದಿದ್ದರೆ
ಬಿಲ್ಲಿಗೆ ನೂರಾ ಏಳು.
ದಿನವೂ ಅಲ್ಲ, ಕೆಲವು ರಾತ್ರಿ ಮಾತ್ರ,
ನಿನ್ನೆಯ ದರ ಮುಗಿದು ಇವತ್ತಿನದು ಹತ್ತುವಾಗ.

ಬರೆದವನು ನಾನೇ.
ಕ್ಲಾಸಿನ ಹೆಸರು ಮಂಜುಗಡ್ಡೆ.
ಅದಕ್ಕೆ ಗೊತ್ತಿಲ್ಲದ್ದೇ ಇರಲಿಲ್ಲ:
ತೂಕ, ದರ, ದೋಣಿಯವರ ಉದ್ರಿ ಖಾತೆ,
ಪ್ರಿಂಟರಿನ ಕಾಗದ, ಮೆಸೇಜು ಹೋಗುವ ನಂಬರು.
ಗೋಡೆಯ ಗಡಿಯಾರವನ್ನು ತಾನೇ ಎದ್ದು ಹೋಗಿ ನೋಡುವ ಚಾಳಿ ಬೇರೆ.
ಊರ ಉಸಾಬರಿಯೆಲ್ಲ ತಲೆಗೆ ಕಟ್ಟಿಕೊಂಡ
ಯಜಮಾನನಂಥ ಕ್ಲಾಸು, ಸಾವಿರದ ನಾನೂರು ಸಾಲು.
ಅದು ಕೆಮ್ಮಿದರೆ ಪ್ರಿಂಟರು ಉಗುಳುತ್ತಿತ್ತು.

ಒಂದು ಕೂಡುಲೆಕ್ಕ ಸರಿಯೇ ಎಂದು ಕೇಳಲು
ಪ್ರಿಂಟರು ಬೇಕು, ನೆಟ್‌ವರ್ಕು ಬೇಕು, ನಡುರಾತ್ರಿ ಬೇಕು.
ಮೊದಲ ರಾತ್ರಿ ಕರೆಂಟು ಹೋಯಿತು.
ಎರಡನೆಯ ರಾತ್ರಿ ದೋಣಿಯೇ ಬರಲಿಲ್ಲ.
ಮೂರನೆಯ ರಾತ್ರಿ ನನ್ನ ಪರೀಕ್ಷೆಯ ಬಿಲ್ಲು
ಕಾಯ್ತಾನ್ ಕುಲಾಸೊನ ನಿಜವಾದ ಫೋನಿಗೆ ಹೋಗಿ
ಅವನ ಹೆಂಡತಿ ಕೊಂಕಣಿಯಲ್ಲಿ ಬೈದಳು.
ಅರ್ಧ ತಿಳಿಯಿತು. ಅರ್ಧವೇ ಸಾಕಾಗಿತ್ತು.

ಕ್ರಶರಿನ ಬಾಯಿಗೆ ದಿಮ್ಮಿ ನೂಕುತ್ತಿದ್ದವನು ಹುಲಿಗೆಪ್ಪ,
ಕುಷ್ಟಗಿ ಕಡೆಯವನು, ಅಂಗೈಗೆ ಸೈಕಲ್ ಟ್ಯೂಬಿನ ಸುತ್ತು.
"ಏನ್ ಕಾಯಾಕತ್ತೀರಿ ಸರ?"
"ಹನ್ನೆರಡು ಗಂಟೆ."
"ಅದು ತಾನ ಬರತೈತಿ ಬಿಡ್ರಿ, ಕಾಯೂದ್ಯಾಕ?"

ಹಾಗೆನ್ನುತ್ತಲೇ ಕೊಳವೆಯ ಕೆಳಗೊಂದು ಬಕೀಟಿಟ್ಟು
ಅರ್ಧ ದಿಮ್ಮಿ ಅರೆದ. ಬೊಗಸೆಯಲ್ಲಿ ಪುಡಿ ಎತ್ತಿ ನೋಡಿ ಚೆಲ್ಲಿದ.
ಇದೇನು ಅಂದೆ.
"ದ್ವಾಣಿ ಬರೂಕಿಂತ ಮದಲ ಒಮ್ಮೆ ಬಕೀಟಿಗೆ ಬಿಟ್ಟು ನೋಡತೀನ್ರಿ,
ಹಲ್ಲು ನೆಟ್ಟಗ ಅದಾವೋ ಇಲ್ಲೋ ಅಂತ.
ದ್ವಾಣ್ಯಾಗ ತಿಳದ್ರ ತಾಂಡೇಲ ಸುಮ್ನ ಬಿಡತಾನೇನ್ರಿ?"

ಕೊಳವೆಗೆ ತನ್ನ ಕೆಳಗಿರುವುದು
ದೋಣಿಯೋ ಬಕೀಟೋ ಗೊತ್ತಿಲ್ಲ.
ಗೊತ್ತಾಗಬೇಕಾಗಿಯೂ ಇಲ್ಲ.
ಬಾಯಿ ತೆರೆದಿದ್ದರೆ ಆಯಿತು.
ಹುಲಿಗೆಪ್ಪನೂ ಯಾವ ದೋಣಿಯ ಹೊಟ್ಟೆಗೂ ಇಳಿದವನಲ್ಲ.
ಎಷ್ಟು ಬೇಕೆಂದು ಕೂಗುತ್ತಾನೆ, ಅಷ್ಟು ಬಿಡುತ್ತಾನೆ,
ಒಳಗೆ ಹೇಗೆ ಹರಡುವುದೆಂಬುದು ತಾಂಡೇಲನ ಪಾಡು.

ನಾಲ್ಕನೆಯ ರಾತ್ರಿ, ಬೆತಿಮ್‌ನ ಕೋಣೆಯಲ್ಲಿ,
ಯಜಮಾನನ ಮನೆ ಪಾಲಾಯಿತು.
ದರಕ್ಕೆ ಬೇರೆ ಒಲೆ ಹೂಡಿದೆ.
ಖಾತೆಗೆ ಬೀಗ ಬಿತ್ತು: ಕೈ ಹಾಕುವಂತಿಲ್ಲ, ಕೇಳಿ ಪಡೆಯಬೇಕು.
ಪ್ರಿಂಟರು ಹೊಸ್ತಿಲಾಚೆ.
ಗಡಿಯಾರವನ್ನು ಗೋಡೆಯಿಂದ ಇಳಿಸಿ
ಬಾಗಿಲಲ್ಲೇ ಕೈಗಿತ್ತೆ: ತಗೋ, ಇದು ನಿನ್ನ ಹೊತ್ತು,
ನಿಜವೋ ಸುಳ್ಳೋ ಕೇಳಬೇಡ.

ಬೆಳಿಗ್ಗೆ ಹತ್ತೂವರೆಗೆ, ಪಾವಿಗೆ ಬಾಜಿ ಅದ್ದುತ್ತ,
ಹನ್ನೆರಡು ಹೊಡೆಸಿದೆ.
ಒಂದು ಗುಟುಕು ಚಹಾದೊಳಗೆ ನಾನೂರು ನಡುರಾತ್ರಿ,
ಫೆಬ್ರವರಿ ಇಪ್ಪತ್ತೊಂಬತ್ತರದ್ದೂ ಸೇರಿ.
ಎಲ್ಲ ಹಸಿರು, ಒಂದು ಕೆಂಪು.
ಸರಿಯಾಗಿ ಹನ್ನೆರಡಕ್ಕೆ, ಒಂದು ಸೆಕೆಂಡು ಅತ್ತಿತ್ತ ಇಲ್ಲದೆ
ಬಿದ್ದ ದಿಮ್ಮಿ
ನಿನ್ನೆಗೂ ಸೇರಿರಲಿಲ್ಲ, ಇವತ್ತಿಗೂ ಇಲ್ಲ.
"ಹೆಚ್ಚು" ಎಂದು ಬರೆದಿದ್ದೆ.
"ಅಥವಾ ಸಮ" ಬರೆದಿರಲಿಲ್ಲ.

ತಿದ್ದಲು ಒಂದು ಚಿಹ್ನೆ ಸಾಕಾಯಿತು.

ಫ್ಯಾಕ್ಟರಿಯ ಗುಮಾಸ್ತ ರಾಯ್ಕರ್ ಕನ್ನಡಕ ಏರಿಸಿ
ಅಬ್ಬಾ, ಇನ್ನು ಆ ಲೆಕ್ಕ ಬರೆಯುವ ತಾಪತ್ರಯವಿಲ್ಲ ಅಂದ.
ಯಾವ ಲೆಕ್ಕ?
ಬಿಲ್ಲಿಗೆ ಬಾರದ ದಿಮ್ಮಿ ಅಂದರೆ ಒಡೆದದ್ದು ಎಂದರ್ಥ ಮಾಡಿ
ಹುಲಿಗೆಪ್ಪನ ಕೂಲಿಯಲ್ಲಿ ಮುರಿಯುತ್ತಿದ್ದರಂತೆ.
ಮಾರ್ಚಿನಿಂದ ಹನ್ನೊಂದು ದಿಮ್ಮಿ.

ಐದನೆಯ ರಾತ್ರಿ ಮತ್ತೆ ಜೆಟ್ಟಿಗೆ ಹೋದೆ,
ಜೇಬಿನಲ್ಲಿ ಲಕೋಟೆ, ನಾಲಗೆಯ ಮೇಲೆ ಏನೂ ಇಲ್ಲ.
"ಇವತ್ತ ಏನ್ ಕಾಯಾಕತ್ತೀರಿ ಸರ?"
ಕೊಳವೆಯ ಕೆಳಗೆ ಬಕೀಟು ಖಾಲಿ ಇತ್ತು.
ಆ ಮಾತನ್ನು ಮೊದಲು ಅದಕ್ಕೆ ಬಿಟ್ಟು ನೋಡುವಂತಿರಲಿಲ್ಲ.